ಗ್ರೈಂಡರ್ ಕಟ್ಟೆಗೆ ಆತುರ ಬೇಡ

ಇಡ್ಲಿ ಹಿಟ್ಟು ಹುಳಿ ಬರಲು ನಾವು ರಾತ್ರಿಯಿಡೀ ಕಾಯುತ್ತೇವೆ. ಆದರೆ ದೊಡ್ಡ ಗ್ರೈಂಡರ್ ಕೂರಿಸುವ ಕಾಂಕ್ರೀಟ್ ಕಟ್ಟೆಗೆ ಕಾಯುವ ತಾಳ್ಮೆ ನಮಗಿಲ್ಲ. ಡೊಂಬಿವಲಿಯ ನಮ್ಮ ಹೊಟೇಲಿನಲ್ಲಿ ವ್ಯಾಪಾರ ತಪ್ಪೀತೆಂದು ಮೂರನೇ ದಿನವೇ ಮೆಶಿನ್ ಚಾಲೂ ಮಾಡಿದೆವು. ಕಟ್ಟೆ ಬಿರುಕು ಬಿಟ್ಟಿತು, ಬೋಲ್ಟ್ ಸಡಿಲಾಯಿತು, ಗ್ರೈಂಡರ್ ವಾಲಿ ರುಬ್ಬುವವನ ಕಾಲಿಗೆ ಪೆಟ್ಟಾಯಿತು. ತಪ್ಪು ಗೌಂಡಿಯದಲ್ಲ, ನಮ್ಮದೇ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿಡಬೇಕು. ಪೂರ್ಣ ಬಲ ಬರಲು 28 ದಿನ ಬೇಕು. ಥಾಣೆ, ಕಲ್ಯಾಣ್, ನವಿಮುಂಬಯಿಯ ಮಾಲಕ ಬಂಧುಗಳೇ, ಅಷ್ಟು ದಿನ ಹಿಟ್ಟನ್ನು ಹೊರಗೆ ರುಬ್ಬಿಸಿ ತರೋಣ. ಆ ಖರ್ಚನ್ನು ಮತ್ತೆ ದುಡಿಯಬಹುದು. ಕೆಲಸದವನ ಕಾಲು ಹೋದರೆ ಮತ್ತೆ ಬಾರದು.