ಕವೆಯೊಳಗಿನ ಎಣ್ಣೆ

ಮೋಟಾರು ಸೈಕಲ್ಲಿನ ಒಡೆಯನಿಗೆ ಎಂಜಿನ್ನಿನ ಎಣ್ಣೆಯಲ್ಲಿರುವ ಆಸ್ಥೆ ಅಷ್ಟಿಷ್ಟಲ್ಲ. ಎಷ್ಟು ದೂರ ಓಡಿದ ಮೇಲೆ ಬದಲಿಸಬೇಕು, ಯಾವ ಡಬ್ಬಿಯದು ಒಳ್ಳೆಯದು ಎಂಬುದನ್ನು ಆತ ಕಚೇರಿಯ ಕಾಫಿಯ ವೇಳೆಯನ್ನೆಲ್ಲ ವ್ಯಯಿಸಿ ಚರ್ಚಿಸಬಲ್ಲ. ಆದರೆ ಅದೇ ವಾಹನದ ಮುಂಭಾಗದ ಎರಡು ಕಾಲುಗಳೊಳಗೂ ಒಂದೊಂದು ಕಾಫಿ ಲೋಟದಷ್ಟು ಎಣ್ಣೆಯಿದೆ, ಅದಕ್ಕೂ ಮುಪ್ಪು ಬರುತ್ತದೆ ಎಂದರೆ ಅನೇಕರು ಹುಬ್ಬೇರಿಸುತ್ತಾರೆ. 1985ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಹೋಂಡಾ ಸಿ.ಡಿ. 100, ಯಮಹಾ ಆರ್.ಎಕ್ಸ್. 100ರಂತಹ ಪುಟ್ಟ ವಾಹನಗಳು ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿವೆ. ತಂದೆ ಓಡಿಸಿದ್ದನ್ನು ಮಗ ಓಡಿಸುತ್ತಿದ್ದಾನೆ. ಎಂಜಿನ್ನನ್ನು ಎರಡು ಮೂರು ಬಾರಿ ಬಿಚ್ಚಿ ಕಟ್ಟಿಸಿದ್ದಾಗಿರುತ್ತದೆ. ಮುಂದಿನ ಕವೆಯ ಎಣ್ಣೆ ಮಾತ್ರ ಯಾರ ನೆನಪಿಗೂ ಬಾರದೆ ಕತ್ತಲಲ್ಲಿಯೇ ಉಳಿದಿರುತ್ತದೆ.

ಮುಂದಿನ ಚಕ್ರವನ್ನು ಹಿಡಿದಿರುವ ಕವೆಗೆ ವರ್ಕ್‌ಶಾಪಿನವರ ಭಾಷೆಯಲ್ಲಿ ಫೋರ್ಕ್ ಎಂದು ಹೆಸರು. ಅದರ ಪ್ರತಿಯೊಂದು ಕಾಲಿನಲ್ಲಿಯೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳು, ಒಳಗೆ ಉದ್ದನೆಯ ಸ್ಪ್ರಿಂಗು, ಕೆಳಗೆ ಎಣ್ಣೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ತನ್ನ ಆರ್ 12 ವಾಹನಕ್ಕೆ ಎಣ್ಣೆಯಿಂದ ಹತೋಟಿಗೊಳಗಾಗುವ ಇಂತಹ ಕವೆಯನ್ನು ತೊಡಿಸಿತು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿಗಳ ಮುಂಗಾಲಿನಲ್ಲಿಯೂ ಇದ್ದುದು ಈ ಉಪಾಯವೇ.

ಎಲ್ಲ ಕೆಲಸವನ್ನೂ ಸ್ಪ್ರಿಂಗೇ ಮಾಡುತ್ತದೆಂದು ಸಾಮಾನ್ಯ ಜನರ ಭಾವನೆ. ವಾಸ್ತವವಾಗಿ ಸ್ಪ್ರಿಂಗಿಗೆ ಗೊತ್ತಿರುವುದು ಕುಸಿಯುವುದು ಮತ್ತು ಚಿಮ್ಮುವುದು, ಇವೆರಡೇ. ಒಮ್ಮೆ ಅದುಮಿ ಬಿಟ್ಟರೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಎಣ್ಣೆ. ಕವೆ ಕುಸಿದಾಗಲೂ ಏಳುವಾಗಲೂ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳಬೇಕು. ಚಕ್ಕುಲಿಯ ಒರಳನ್ನು ಒತ್ತಿದ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೆಲ್ಲನೆ ಒತ್ತಿದರೆ ಹಿಟ್ಟು ಇಳಿಯುತ್ತದೆ, ಅವಸರದಿಂದ ಒತ್ತಿದರೆ ಒರಳು ಎದುರು ನಿಲ್ಲುತ್ತದೆ, ಹಿಟ್ಟು ನೀರಾದರೆ ಮಾತ್ರ ಒತ್ತುವುದಕ್ಕೆ ಮೊದಲೇ ಜಾರಿಬಿಡುತ್ತದೆ. ವರ್ಷಗಟ್ಟಲೆ ಅರೆದು ಅರೆದು ತೆಳುವಾದ, ಲೋಹದ ಪುಡಿಯೂ ಮಳೆಗಾಲದ ನೀರೂ ಬೆರೆತ ಎಣ್ಣೆಯ ಅವಸ್ಥೆ ಈ ನೀರಾದ ಹಿಟ್ಟಿನದೇ.

ಇದರಿಂದ ಆಗುವುದು ಬರಿಯ ಮೈ ನೋವಲ್ಲ. ಗಂಡ, ಹೆಂಡತಿ, ನಡುವೆ ಮಗು ಕುಳಿತ ವಾಹನ ರಸ್ತೆಯ ಉಬ್ಬನ್ನು ದಾಟಿತೆನ್ನೋಣ. ಎಣ್ಣೆ ಸೋತಿದ್ದರೆ ಚಕ್ರ ಮತ್ತೆ ಮತ್ತೆ ಪುಟಿಯುತ್ತದೆ. ನೆಲವನ್ನು ಬಿಟ್ಟ ಚಕ್ರ ಆ ಕ್ಷಣದಲ್ಲಿ ಬ್ರೇಕಿನ ಮಾತನ್ನೂ ಕೇಳದು, ಹ್ಯಾಂಡಲ್ಲಿನ ಮಾತನ್ನೂ ಕೇಳದು. ಅಷ್ಟರಲ್ಲಿ ಎದುರಿಗೊಂದು ದನ ಅಡ್ಡ ಬಂದು ಬ್ರೇಕು ಹಿಡಿದರೆ ವಾಹನ ಮೂಗು ಮುಗ್ಗರಿಸಿದಂತೆ ಮುಂದಕ್ಕೆ ಕುಸಿಯುತ್ತದೆ. ಈ ಬದಲಾವಣೆ ಒಂದು ದಿನದಲ್ಲಿ ಆದದ್ದಲ್ಲವಾದ್ದರಿಂದ ನಿತ್ಯ ಓಡಿಸುವವನ ಅರಿವಿಗೆ ಬರುವುದೇ ಇಲ್ಲ; ರಸ್ತೆ ಕೆಟ್ಟಿತೆಂದು ನಗರಸಭೆಯನ್ನು ಬಯ್ಯುತ್ತಾನೆ. (ನಗರಸಭೆಗೂ ಅದರಲ್ಲಿ ಪಾಲಿಲ್ಲವೆಂದಲ್ಲ.)

ಪರೀಕ್ಷೆ ಸುಲಭ. ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲ್ಲನ್ನು ಬಲವಾಗಿ ಅದುಮಿ ಬಿಡಬೇಕು. ಒಮ್ಮೆ ಮೇಲೆದ್ದು ಸುಮ್ಮನಾದರೆ ಸರಿ. ತೊಟ್ಟಿಲಿನಂತೆ ಎರಡು ಮೂರು ಸಲ ಆಡಿದರೆ ಎಣ್ಣೆಯ ಕಾಲ ಮುಗಿದಿದೆ. ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲು ಹೋಗಿದೆಯೆಂದು ಅರ್ಥ. ಆಗ ಎಣ್ಣೆಯೊಂದನ್ನೇ ಬದಲಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಸೋರಿದ ಎಣ್ಣೆ ಮುಂದಿನ ಬ್ರೇಕನ್ನು ತಲಪಿದರಂತೂ ಬ್ರೇಕು ಹಿಡಿದೂ ಹಿಡಿಯದಂತಾಗುತ್ತದೆ.

ಬದಲಿಸುವ ಕ್ರಮ ವಾಹನದಿಂದ ವಾಹನಕ್ಕೆ ಬೇರೆ. ಕೆಲವು ಕವೆಗಳ ಬುಡದಲ್ಲಿ ಎಣ್ಣೆ ಬಸಿಯುವ ತಿರುಪು ಇರುತ್ತದೆ. ಇಲ್ಲದಿದ್ದರೆ ಚಕ್ರವನ್ನೂ ಮಡ್‌ಗಾರ್ಡನ್ನೂ ಕಳಚಿ, ಕಾಲುಗಳನ್ನು ಹೊರಗೆಳೆದು ಬೋರಲು ಹಾಕಬೇಕು. ಎರಡನೆಯದು ಕೈ ಪಳಗಿದವನ ಕೆಲಸ. ಯಾವುದಾದರೂ ಸರಿ, ಮೊದಲು ಎಂಜಿನ್ನಿನ ಅಡಿಗೆ ಆಧಾರವಿಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿರಬೇಕು. ಚಕ್ರ ನೆಲದಲ್ಲಿದ್ದಾಗಲೇ ಮೇಲಿನ ಮುಚ್ಚಳಗಳನ್ನು ಬಿಚ್ಚಿದರೆ ವಾಹನ ಕುಕ್ಕರಿಸಿಬಿಡುತ್ತದೆ. ಮುಚ್ಚಳದ ಕೆಳಗೆ ಅದುಮಿಟ್ಟ ಸ್ಪ್ರಿಂಗು ಇದೆ. ತಿರುಪಿನ ಕೊನೆಯ ಸುತ್ತಿನಲ್ಲಿ ಅದು ಮುಚ್ಚಳವನ್ನು ಹಾರಿಸಬಲ್ಲದು. ಮುಖವನ್ನು ಮೇಲೆ ಬಾಗಿಸದೆ, ದಪ್ಪ ಬಟ್ಟೆಯಿಂದ ಅದುಮಿ ಹಿಡಿದು ಬಿಚ್ಚುವುದು ಕ್ಷೇಮ.

ಹೊರಬರುವ ಎಣ್ಣೆಯ ಬಣ್ಣ ಬೂದಿ ಕಲಸಿದ ನೀರಿನದು; ವಾಸನೆ ಮೀನಿನ ಮಾರುಕಟ್ಟೆಯದು. ಕವೆಯನ್ನು ಹಲವು ಬಾರಿ ಮೇಲೆ ಕೆಳಗೆ ಆಡಿಸಿ, ಕೊನೆಯ ಹನಿಯವರೆಗೂ ತಾಳ್ಮೆಯಿಂದ ಬಸಿಯಬೇಕು.

ಹೊಸ ಎಣ್ಣೆ ತುಂಬುವಲ್ಲಿ ಹೆಚ್ಚು ತಪ್ಪು ನಡೆಯುವುದು. ಕೈಗೆ ಸಿಕ್ಕ ಎಣ್ಣೆಯನ್ನು ಕಣ್ಣಂದಾಜಿನಿಂದ ಸುರಿಯುವ ಮೆಕ್ಯಾನಿಕ್ಕುಗಳಿಗೆ ನಮ್ಮಲ್ಲಿ ಬರವಿಲ್ಲ. ಯಾವ ದಪ್ಪದ ಎಣ್ಣೆ, ಎಷ್ಟು ಮಿಲಿಲೀಟರು ಎಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಕೆಲವು ಕೈಪಿಡಿಗಳಲ್ಲಿ ಎರಡು ಅಂಕೆಗಳಿರುತ್ತವೆ: ಬಿಚ್ಚಿ ತೊಳೆದಾಗ ಒಂದು, ಬರಿದೆ ಬಸಿದಾಗ ಅದಕ್ಕಿಂತ ಕಡಮೆ, ಬಸಿದ ಮೇಲೂ ಒಳಗೆ ಸ್ವಲ್ಪ ಉಳಿದಿರುತ್ತದಷ್ಟೆ. ಔಷಧಿ ಅಳೆಯುವ ಗೆರೆಯ ಲೋಟ ಈ ಕಾರ್ಯಕ್ಕೆ ಸಾಕು; ಅನಂತರ ಅದನ್ನು ಮತ್ತೆ ಔಷಧಿಗೆ ಬಳಸಬಾರದೆಂದು ಮನೆಯವರಿಗೆ ಹೇಳಿರಬೇಕು. ತುಸು ಹೆಚ್ಚಿದ್ದರೆ ಒಳ್ಳೆಯದೇ ಎಂಬ ಉದಾರತೆ ಇಲ್ಲಿ ಸಲ್ಲದು. ಎಣ್ಣೆಯ ಮೇಲೆ ಗಾಳಿಗೂ ಜಾಗ ಬೇಕು. ಆ ಜಾಗ ಕಿರಿದಾದರೆ ಕವೆ ಕಲ್ಲಿನಂತಾಗಿ ಸೀಲುಗಳು ಒತ್ತಡಕ್ಕೆ ಸೋರತೊಡಗುತ್ತವೆ. ತೀರ ದಪ್ಪನೆಯ ಎಣ್ಣೆ ಹಾಕಿದರೆ ಸಣ್ಣ ಕುಳಿಗಳೂ ಮುಂಗೈವರೆಗೆ ಬಡಿಯುತ್ತವೆ. ಎರಡೂ ಕಾಲುಗಳಿಗೆ ಒಂದೇ ಎಣ್ಣೆ, ಒಂದೇ ಅಳತೆ.

ಮುಚ್ಚಳ ಹಾಕುವ ಮುನ್ನ ಕವೆಯನ್ನು ಮೆಲ್ಲನೆ ಆಡಿಸಿ ಗಾಳಿಯ ಗುಳ್ಳೆಗಳನ್ನು ಹೊರಡಿಸಬೇಕು. ಸ್ಪ್ರಿಂಗು ಮೊದಲು ಯಾವ ತುದಿ ಮೇಲಾಗಿತ್ತೋ ಹಾಗೆಯೇ ಮರಳಬೇಕು. ಬಿಚ್ಚಿದ ಬೋಲ್ಟುಗಳೆಲ್ಲ ಬಿಗಿದಿವೆಯೇ, ಮುಂದಿನ ಬ್ರೇಕು ಹಿಡಿಯುತ್ತಿದೆಯೇ ಎಂದು ಎರಡೆರಡು ಸಲ ನೋಡಿ, ಹಿಂದೆ ಯಾರನ್ನೂ ಕೂರಿಸದೆ ಬೀದಿಯ ತುದಿಯವರೆಗೆ ಒಮ್ಮೆ ಹೋಗಿಬರಬೇಕು. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಡಬ್ಬಿಯಲ್ಲಿ ತುಂಬಿ ವರ್ಕ್‌ಶಾಪಿನ ಹಳೆ ಎಣ್ಣೆಯ ಪೀಪಾಯಿಗೆ ಸೇರಿಸಬೇಕು. ದಿನಾಂಕವನ್ನೂ ಮೀಟರಿನ ಅಂಕೆಯನ್ನೂ ಕೈಪಿಡಿಯ ಕೊನೆಯ ಪುಟದಲ್ಲಿ ಬರೆದಿಡಬೇಕು.