ಪಟ ತೆಗೆದರೆ ಸಾಲದು

ಮಾರ್ಗಶಿರ ಶುದ್ಧ ಷಷ್ಠಿಯಂದು ಸುಬ್ರಹ್ಮಣ್ಯದ ರಥಬೀದಿಯಲ್ಲಿ ಬ್ರಹ್ಮರಥ ಕದಲಿದೊಡನೆ ಸಾವಿರಾರು ಕೈಗಳು ಮೇಲೇಳುತ್ತವೆ. ಮುಗಿಯುವುದಕ್ಕಾಗಿ ಎದ್ದ ಕೈಗಳು ಕೆಲವು. ಪಟ ತೆಗೆಯುವುದಕ್ಕಾಗಿ ಎದ್ದವು ಹಲವು. ಅರೆಗಳಿಗೆಯಲ್ಲಿ ಎಣಿಕೆಗೆ ಸಿಗದಷ್ಟು ಚಿತ್ರಗಳು ಮೂಡುತ್ತವೆ. ಅವುಗಳಲ್ಲಿ ಕಾಗದಕ್ಕೆ ಇಳಿಯುವವು ಎಷ್ಟು? ಇಳಿದು, ಯಾರದೋ ಮನೆಯ ಗೋಡೆಯ ಮೇಲೆ ಮೊಮ್ಮಕ್ಕಳ ಕಾಲದವರೆಗೂ ಬಾಳುವವು ಎಷ್ಟು? ಮೊಬೈಲು ಕೆಟ್ಟರೆ, ಕಳೆದುಹೋದರೆ ಅಥವಾ ಹಳೆಯದಾಯಿತೆಂದು ಮೂಲೆ ಸೇರಿದರೆ, ಅದರ ಹೊಟ್ಟೆಯೊಳಗಿದ್ದ ಹಬ್ಬ, ಪ್ರವಾಸ, ನೆಂಟರಿಷ್ಟರ ಮುಖ ಎಲ್ಲವೂ ಅದರೊಡನೆಯೇ ಹೋಗಿಬಿಡುತ್ತವೆ.

ಇಂದು ಪಟ ತೆಗೆಯುವುದು ಸುಲಭವಾಗಿದೆ. ಸುಲಭವಾದುದರಿಂದ ಅದು ಕೀಳಾಯಿತೆಂದು ಹೇಳಲಾಗದು. ಹಿಂದೆ ಸ್ಟುಡಿಯೋಗೆ ಹೋಗುವ ಶಕ್ತಿ ಇಲ್ಲದಿದ್ದ ಮನೆಗಳಲ್ಲಿಯೂ ಈಗ ಕ್ಯಾಮೆರಾ ಇದೆ; ಇದು ಸಂತೋಷದ ಸಂಗತಿಯೇ. ಆದರೆ ಪಟ ತೆಗೆಯುವುದು ಕೆಲಸದ ಮೊದಲರ್ಧ ಮಾತ್ರ. ತೆಗೆದುದರಲ್ಲಿ ಒಳ್ಳೆಯದನ್ನು ಆರಿಸಿ, ಅದರ ನೆರಳು ಬೆಳಕುಗಳನ್ನು ಹದಗೊಳಿಸಿ, ಬಾಳಿಕೆ ಬರುವ ಕಾಗದದ ಮೇಲೆ ಮುದ್ರಿಸುವುದು ಉಳಿದರ್ಧ. ಈ ಉಳಿದರ್ಧವನ್ನು ನಾವು ಕೈಬಿಟ್ಟಿದ್ದೇವೆ. ಕೈಬಿಡಬಾರದೆಂಬುದು ನನ್ನ ಅಭಿಪ್ರಾಯ.

ಕಾಗದದ ಮೇಲೆ ಉಳಿದ ಚಿತ್ರದ ಬೆಲೆಯೇನೆಂಬುದನ್ನು ತಿಳಿಯಲು ನಮ್ಮ ಹಂಪೆಯೇ ಸಾಕು. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆಯೇ ನೆಗೆಟಿವ್ ಪಡೆದು, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ವಿಧಾನಕ್ಕೆ 1841ರಲ್ಲಿ ಹಕ್ಕುಪತ್ರ ಪಡೆದನು. ಅದಾಗಿ ಹದಿನೈದು ವರ್ಷಗಳಲ್ಲಿ, ಎಂದರೆ 1856ರಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಿಡಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಅವಶೇಷಗಳನ್ನು ಸೆರೆಹಿಡಿದನು. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ನೀವು ಬಲ್ಲಿರಿ. ಆ ರಥದ ನೆತ್ತಿಯ ಮೇಲೆ ಅಂದು ಇಟ್ಟಿಗೆಯ ಶಿಖರವೊಂದು ಇದ್ದಿತು. ಇಂದು ಅದಿಲ್ಲ. ಅದು ಇದ್ದ ಬಗೆಯನ್ನು ನಾವು ಕಣ್ಣಾರೆ ಕಾಣುವುದು ಗ್ರೀನ್‌ಲಾನ ಪಟದಲ್ಲಿ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಪಟ ತೆಗೆದಾಗ, ನೂರಿಪ್ಪತ್ತೇಳು ವರ್ಷಗಳ ಅಂತರದಲ್ಲಿ ಬಿದ್ದುದೇನು, ಉಳಿದುದೇನು ಎಂಬುದನ್ನು ಜೋಡಿಯಾಗಿ ಇಟ್ಟು ನೋಡುವುದು ಸಾಧ್ಯವಾಯಿತು. ಆ ಕಾಗದಗಳನ್ನು ಯಾರೂ ಜೋಪಾನ ಮಾಡದೆ ಹೋಗಿದ್ದರೆ ಈ ಹೋಲಿಕೆಗೆ ಎಡೆಯೇ ಇರುತ್ತಿರಲಿಲ್ಲ.

ಮುದ್ರಣವೆಂದರೆ ಯಂತ್ರದ ಗುಂಡಿ ಒತ್ತುವುದಷ್ಟೇ ಅಲ್ಲವೆ, ಅದರಲ್ಲಿ ಕಲೆ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಪಿಯಾನೋ ವಾದನವನ್ನೂ ಬಲ್ಲವನು. ನೆಗೆಟಿವನ್ನು ಅವನು ಬರೆದಿಟ್ಟ ಸಂಗೀತಕ್ಕೂ, ಮುದ್ರಿತ ಚಿತ್ರವನ್ನು ಅದರ ಕಛೇರಿಗೂ ಹೋಲಿಸುತ್ತಿದ್ದನು. ನಮ್ಮ ಕಡೆಯವರಿಗೆ ಯಕ್ಷಗಾನದ ಹೋಲಿಕೆ ಇನ್ನೂ ಹತ್ತಿರದ್ದು. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿ ಇದ್ದಂತೆಯೇ ಇರುತ್ತವೆ. ಭಾಗವತರ ಕಂಠ, ಚೆಂಡೆ ಮದ್ದಳೆಗಳ ನಡೆ, ವೇಷಧಾರಿಯ ಕುಣಿತ ಮತ್ತು ಅರ್ಥಗಾರಿಕೆ ಕೂಡಿದಾಗಲೇ ಅದು ಆಟವಾಗುವುದು. ಒಂದೇ ಪ್ರಸಂಗವನ್ನು ಇಬ್ಬರು ಭಾಗವತರು ಎರಡು ಬಗೆಯಾಗಿ ಆಡಿಸುತ್ತಾರೆ. ಹಾಗೆಯೇ ಒಂದೇ ನೆಗೆಟಿವ್‌ನಿಂದ ಇಬ್ಬರು ಮುದ್ರಿಸಿದ ಚಿತ್ರಗಳು ಬೇರೆ ಬೇರೆ ಮಾತನ್ನು ಆಡುತ್ತವೆ.

ಹಳೆಯ ಕತ್ತಲೆಕೋಣೆಯಲ್ಲಿ ಈ ಕೆಲಸ ನಡೆಯುತ್ತಿದ್ದ ರೀತಿಯನ್ನು ನೆನೆಯಿರಿ. ಮಂದವಾದ ಕೆಂಪು ದೀಪದ ಬೆಳಕಿನಲ್ಲಿ, ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ನೆಗೆಟಿವ್‌ನ ಮೂಲಕ ಬೆಳಕು ಬೀಳುತ್ತಿತ್ತು. ಮುಖ ತೀರ ಕಪ್ಪಾಗುವುದೆಂದು ತೋರಿದರೆ, ಅಷ್ಟು ಭಾಗದ ಮೇಲೆ ರಟ್ಟಿನ ತುಂಡನ್ನು ಆಡಿಸಿ ಬೆಳಕನ್ನು ತಡೆಯುತ್ತಿದ್ದರು. ಆಕಾಶ ಬರಿದಾಗಿ ಕಂಡರೆ, ಅಷ್ಟಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಡುತ್ತಿದ್ದರು. ಆಮೇಲೆ ರಾಸಾಯನಿಕ ದ್ರವದ ತಟ್ಟೆಯಲ್ಲಿ ಚಿತ್ರ ಮೆಲ್ಲಮೆಲ್ಲನೆ ಮೂಡುತ್ತಿತ್ತು. ಹೈಪೋ ದ್ರಾವಣದಲ್ಲಿ ಅದ್ದಿ, ಬಹಳ ಹೊತ್ತು ನೀರಿನಲ್ಲಿ ತೊಳೆದ ಮೇಲೆ ಅದು ನಿಲ್ಲುತ್ತಿತ್ತು. ಇಂದು ಕಂಪ್ಯೂಟರು ಮತ್ತು ಶಾಯಿಯ ಮುದ್ರಕ ಯಂತ್ರ ಆ ಕೋಣೆಯ ಸ್ಥಾನಕ್ಕೆ ಬಂದಿವೆ. ಸಲಕರಣೆ ಬದಲಾಯಿತೇ ಹೊರತು, ಎಲ್ಲಿ ಬೆಳಕಿರಬೇಕು, ಎಲ್ಲಿ ನೆರಳಿರಬೇಕು ಎಂದು ನಿರ್ಧರಿಸುವ ಕಣ್ಣಿನ ಕೆಲಸ ಬದಲಾಗಿಲ್ಲ.

ಕುಮಾರಪರ್ವತದ ಒಂದು ಪಟವನ್ನೇ ತೆಗೆದುಕೊಳ್ಳೋಣ. 1712 ಮೀಟರ್ ಎತ್ತರದ ಆ ಶಿಖರಕ್ಕೆ ಏರುವ ದಾರಿಯಲ್ಲಿ ಮಂಜು ಮುಸುಕಿದ ಹುಲ್ಲುಗುಡ್ಡಗಳನ್ನು ಯಾರಾದರೂ ಸೆರೆಹಿಡಿಯುತ್ತಾರೆ. ಮೊಬೈಲಿನ ಪರದೆ ತಾನೇ ಹೊಳೆಯುವ ವಸ್ತು. ಅದರಲ್ಲಿ ಎಲ್ಲವೂ ಚೆಂದವೇ. ಕಾಗದವೋ, ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಆದುದರಿಂದ ಪರದೆಯ ಮೇಲೆ ತಿಳಿಯಾಗಿ ಕಂಡ ಚಿತ್ರ ಕಾಗದದ ಮೇಲೆ ಮಬ್ಬಾಗಿ ಬರುವುದುಂಟು. ಆಗ ಚಿಕ್ಕ ಕಾಗದದ ಮೇಲೆ ಒಂದು ಪ್ರಯೋಗಪ್ರತಿ ತೆಗೆದು ನೋಡಬೇಕು. ತಿದ್ದಿ ಇನ್ನೊಂದು ತೆಗೆಯಬೇಕು. ಮಂಜಿನಲ್ಲಿ ಬಿಳುಪಿಗೂ ಕಪ್ಪಿಗೂ ನಡುವೆ ಎಷ್ಟು ಬಗೆಯ ಬೂದುಬಣ್ಣಗಳಿವೆ ಎಂಬುದು ಆಗ ಅರಿವಾಗುತ್ತದೆ. ಬೆಟ್ಟದ ಮೇಲೆ ಅವಸರದಲ್ಲಿ ಕಂಡುದನ್ನು ಮನೆಯಲ್ಲಿ ನಿಧಾನವಾಗಿ ಎರಡನೆಯ ಬಾರಿ ಕಾಣುವುದೇ ಮುದ್ರಣ.

ಗಾತ್ರಕ್ಕೂ ಕಾಗದಕ್ಕೂ ಲೆಕ್ಕವಿದೆ. ಉದ್ದಕ್ಕೆ 4000, ಅಗಲಕ್ಕೆ 3000 ಬಿಂದುಗಳಿರುವ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ ಸುಮಾರು 13 ಅಂಗುಲ ಉದ್ದ, 10 ಅಂಗುಲ ಅಗಲದ ಪಟವಾಗುತ್ತದೆ. ಒಂದು ಮನೆಯ ಗೋಡೆಗೆ ಇದು ಧಾರಾಳವಾಯಿತು. ಮರದ ತಿರುಳಿನ ಅಗ್ಗದ ಕಾಗದ ಕೆಲವು ವರ್ಷಗಳಲ್ಲಿ ಹಳದಿಯಾಗುತ್ತದೆ. ಹತ್ತಿಯ ನಾರಿನಿಂದ ಮಾಡಿದ, ಆಮ್ಲವಿಲ್ಲದ ಕಾಗದ ಬಹುಕಾಲ ಬಾಳುತ್ತದೆ. ನೀರಿನಲ್ಲಿ ಕರಗುವ ಬಣ್ಣದ ಶಾಯಿಗಿಂತ ವರ್ಣಕಣಗಳ ಶಾಯಿ ಬಿಸಿಲಿಗೆ ಹೆಚ್ಚು ತಾಳುತ್ತದೆ. ಘಟ್ಟದ ತಪ್ಪಲಿನ ನಮ್ಮ ಊರುಗಳಿಗೆ ಇನ್ನೊಂದು ಎಚ್ಚರವೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗೋಡೆಗಳು ಬೆವರುತ್ತವೆ, ಪುಸ್ತಕಗಳಿಗೆ ಬೂಸಲು ಹಿಡಿಯುತ್ತದೆ. ಪಟ ಗಾಜಿಗೆ ತಾಗಿಕೊಂಡಿದ್ದರೆ ಅಂಟಿಹೋಗುತ್ತದೆ. ಆದುದರಿಂದ ನಡುವೆ ದಪ್ಪ ರಟ್ಟಿನ ಅಂಚು ಕೊಟ್ಟು ಚೌಕಟ್ಟು ಹಾಕಿಸಬೇಕು; ಮಳೆ ಬಡಿಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಬೇಕು.

ಇದುವರೆಗೆ ಬೆಟ್ಟ, ಗುಡಿಗಳ ಮಾತಾಯಿತು. ಮನುಷ್ಯರ ಮುಖದ ಮಾತು ಇನ್ನೂ ದೊಡ್ಡದು. ಮೈಸೂರಿನ ಟಿ. ಎಸ್. ಸತ್ಯನ್ ದೇಶವನ್ನೆಲ್ಲ ಸುತ್ತಿ ಸಾಮಾನ್ಯ ಜನರ ಪಟ ತೆಗೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಹೆಸರಿಲ್ಲದ ಮಕ್ಕಳ ಮುಖಗಳನ್ನು ಲೋಕ ನಿಂತು ನೋಡಿತು. ಸುಬ್ರಹ್ಮಣ್ಯದ ರಥವನ್ನು ಎಲ್ಲರೂ ಸೆರೆಹಿಡಿಯುತ್ತಾರೆ. ಕಾಡಿನಿಂದ ಬೆತ್ತ, ಬಿದಿರುಗಳನ್ನು ತಂದು ಆ ರಥವನ್ನು ಕಟ್ಟುವ ಮಲೆಕುಡಿಯ ಜನರ ಕೈಗಳನ್ನು, ಮುಖಗಳನ್ನು ಸೆರೆಹಿಡಿಯುವವರು ಎಷ್ಟು ಮಂದಿ? ಸೆರೆಹಿಡಿದರೂ, ಆ ಪಟದ ಒಂದು ಪ್ರತಿಯನ್ನು ಅವರ ಮನೆಗೆ ಒಯ್ದು ಕೊಡುವವರು ಎಷ್ಟು ಮಂದಿ?

ಇಲ್ಲಿಯೇ ಛಾಯಾಗ್ರಾಹಕನ ಧರ್ಮವಿದೆ. ಇನ್ನೊಬ್ಬರ ಮುಖವನ್ನು ಕೇಳದೆ ತೆಗೆದುಕೊಳ್ಳಬಾರದು. ತೆಗೆದುಕೊಂಡುದನ್ನು ತನ್ನ ಹೊಗಳಿಕೆಗಾಗಿ ಮಾತ್ರ ಬಳಸಬಾರದು. ಬೆತ್ತ ಕಟ್ಟುವ ಮುದುಕನ ಚಿತ್ರ ದೂರದ ಪ್ರದರ್ಶನದಲ್ಲಿ ಬಹುಮಾನ ಪಡೆದು, ಆ ಮುದುಕನ ಮನೆಯಲ್ಲಿ ಅವನದೊಂದು ಪಟವೂ ಇಲ್ಲದಿದ್ದರೆ, ಅದು ಕೊಟ್ಟುತೀರದ ಸಾಲವೇ ಸರಿ. ಮುದ್ರಿಸಿದ ಒಂದು ಪ್ರತಿ ಆ ಸಾಲವನ್ನು ತೀರಿಸುತ್ತದೆ. ಪರದೆಯ ಮೇಲೆ ತೋರಿಸಿ ಹಿಂದಕ್ಕೆ ಪಡೆದುದು ಕೊಟ್ಟಂತಲ್ಲ. ಕೈಯಲ್ಲಿ ಇಟ್ಟು ಬಂದುದೇ ಕೊಟ್ಟಂತೆ.

ಇದೆಲ್ಲ ಹಣವಿದ್ದವರ ಹವ್ಯಾಸವೆಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಒಳ್ಳೆಯ ಕಾಗದ ದುಬಾರಿಯೇ. ಆದರೆ ಎಲ್ಲ ಪಟಗಳನ್ನೂ ಮುದ್ರಿಸಬೇಕೆಂದು ಯಾರು ಹೇಳಿದರು? ಸಾವಿರದಲ್ಲಿ ಒಂದನ್ನು ಆರಿಸಿದರೆ ಸಾಕು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಬೇಡವೆನ್ನಲು ಕಲಿಯುವುದೇ ಅಭಿರುಚಿಯ ಶಿಕ್ಷಣ. ಈ ಶಿಕ್ಷಣಕ್ಕೆ ಕಾಸು ಬೇಡ, ತಾಳ್ಮೆ ಬೇಕು. ಒಬ್ಬರಿಗೆ ಆಗದುದು ಹಲವರು ಕೂಡಿದರೆ ಆದೀತು. ಒಂದು ತರಗತಿಯ ಮಕ್ಕಳು ವರ್ಷಕ್ಕೆ ಹತ್ತು ಪಟಗಳನ್ನು ಚರ್ಚಿಸಿ ಆರಿಸಿ, ಮುದ್ರಿಸಿ, ಹಿಂಬದಿಯಲ್ಲಿ ಸ್ಥಳ, ದಿನ, ಹೆಸರುಗಳನ್ನು ಬರೆದು ಶಾಲೆಯಲ್ಲಿ ಇರಿಸಿದರೆ, ಹತ್ತು ವರ್ಷಗಳಲ್ಲಿ ಆ ಊರಿಗೆ ನೂರು ಪಟಗಳ ಚರಿತ್ರೆ ದೊರೆಯುತ್ತದೆ.

ಹೊಳೆಗೆ ಸೇತುವೆ ಬರುತ್ತದೆ, ಹಂಚಿನ ಮಾಡು ಹೋಗಿ ತಾರಸಿ ಏಳುತ್ತದೆ, ಅಜ್ಜಿಯ ಮುಖ ನೆನಪಿನಲ್ಲಿ ಮಸುಕಾಗುತ್ತದೆ. ಇವನ್ನು ತಡೆಯುವ ಶಕ್ತಿ ಯಾವ ಪಟಕ್ಕೂ ಇಲ್ಲ. ಆದರೆ ಇವು ಹೀಗಿದ್ದವು ಎಂದು ಮುಂದಿನವರಿಗೆ ಹೇಳುವ ಶಕ್ತಿ ಒಂದು ಹಾಳೆ ಕಾಗದಕ್ಕೆ ಇದೆ. ಆ ಹಾಳೆಯನ್ನು ಸಿದ್ಧಮಾಡುವ ಹೊಣೆ ಪಟ ತೆಗೆದವರದು.