ಕಾದಾಗಲೇ ನೋಡಿ ಸ್ವಾಮಿ

ನಮ್ಮ ಹಳೇ ಪೆಟ್ರೋಲ್ ಅಂಬಾಸಡರ್ ಬೆಳಿಗ್ಗೆ ಒಂದೇ ಸೆಲ್ಫಿಗೆ ಏಳುತ್ತಿತ್ತು. ಸಂತೇಲಿ ಕಾಲು ಗಂಟೆ ನಿಲ್ಲಿಸಿದರೆ ಮುಗೀತು, ನಾಲ್ಕು ಜನ ತಳ್ಳಬೇಕು. ಮೆಕ್ಯಾನಿಕ್ ಮರುದಿನ ತಣ್ಣಗಿದ್ದಾಗ ನೋಡಿ ಕಾರ್ಬುರೇಟರ್ ಬದಲಿಸಿದರು. ಎರಡು ಕುರಿ ಮಾರಿದ ದುಡ್ಡು ಹೋಯಿತು, ರೋಗ ಹೋಗಲಿಲ್ಲ.

ಜ್ವರ ಬಿಟ್ಟ ಮೇಲೆ ಮೈ ಮುಟ್ಟಿ ನೋಡಿದರೆ ಏನು ತಿಳಿಯುತ್ತೆ? ಕೆಟ್ಟು ನಿಂತ ಹೊತ್ತಲ್ಲೇ ಪ್ಲಗ್ ಬಿಚ್ಚಬೇಕು ಅನ್ನೋದು ನನ್ನ ವಾದ. ನೆಂದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಈ ಗಾಡೀಲಿ ಸೈಲೆನ್ಸರ್ ಪೈಪ್ ಹೊರಡೋ ಮಗ್ಗುಲಲ್ಲೇ ಕಾರ್ಬುರೇಟರ್ ಇದೆ. ನಿಲ್ಲಿಸಿದ ಮೇಲೆ ಆ ಕಾವಿಗೆ ಪೆಟ್ರೋಲ್ ಕುದಿದು ಒಳಗೆ ಇಳಿಯುತ್ತೆ. ಚೋಕ್ ಎಳೆಯದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀರಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ದಾರೀಲೇ ಆವಿಯಾಗಿರಬಹುದು. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ಕಾಯಿರಿ. ಕಿಡಿಯೇ ಇಲ್ಲದಿದ್ದರೆ ಕಾಯಿಲ್ ಇಲ್ಲವೇ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಕಾದಾಗ ಮಾತ್ರ ಕೈಕೊಡೋ ಚಾಳಿ ಅವಕ್ಕಿದೆ. (ಕಿಡಿ ನೋಡುವಾಗ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಮರೀಬೇಡಿ.)

ಈ ಗಾಡಿ ತಯಾರಿಕೆ 2014ರಲ್ಲೇ ನಿಂತಿದೆ. ಊಹೆ ಮೇಲೆ ಒಳ್ಳೇ ಸಾಮಾನು ಕಿತ್ತು ಹಾಕೋದು ನ್ಯಾಯವಲ್ಲ. ನಮ್ಮದರಲ್ಲಿ ಕೆಟ್ಟಿದ್ದು ಹೆಬ್ಬೆರಳು ಗಾತ್ರದ ಕಂಡೆನ್ಸರ್. ಹಳೇ ಕಾರ್ಬುರೇಟರ್ ಇನ್ನೂ ಅಟ್ಟದ ಮೇಲಿದೆ.